ಕ್ವಾರಿಯ ನೀರಿನಲ್ಲಿ ಮುಳುಗದ ಪೆಟ್ಟಿಗೆ

ನೀರಿನೊಳಗೆ ಮದ್ದು ಸಿಡಿದರೆ ಢಮಾರ್ ಎನ್ನುವುದಿಲ್ಲ. ಢಮಾರ್ ಎನ್ನುವುದು ಸಿನಿಮಾದಲ್ಲಿ, ದೀಪಾವಳಿಯಲ್ಲಿ, ಮತ್ತು ನಮ್ಮ ಪ್ರಾಜೆಕ್ಟ್ ಡೈರೆಕ್ಟರ್ ಸಾಹೇಬರ ಭಾಷಣದಲ್ಲಿ. ನೀರೊಳಗಿನ ಸಿಡಿತ ಕಿವಿಗಿಂತ ಮೊದಲು ಪಾದಕ್ಕೆ ಕೇಳುತ್ತದೆ. ಬಂಡೆಯ ಕೆಳಗಿನಿಂದ ಯಾರೋ ಒನಕೆಯಲ್ಲಿ ಒಮ್ಮೆ ಕುಟ್ಟಿದಂತೆ ‘ದಿಂ’. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅದೇ ಒನಕೆ, ಸ್ವಲ್ಪ ಸೋತ ಕೈಯಲ್ಲಿ, ಇನ್ನೊಮ್ಮೆ. ಅಷ್ಟಾದ ಮೇಲೆ ಮೇಲೆದ್ದ ನೀರು ಕೆಳಗೆ ಉದುರುವಾಗ ಬಿಸಿ ಬಾಣಲೆಗೆ ಒಗ್ಗರಣೆ ಹಾಕಿದ ಸದ್ದು. ನಾನು ನಿವೃತ್ತಳಾಗಿ ದೊಡ್ಡಗಾಜನೂರಿನ ಮನೆಗೆ ಬಂದು ಕೂತು ಎಷ್ಟೋ ಕಾಲವಾಯಿತು. ಈಗಲೂ ಪಕ್ಕದ ಮನೆಯಲ್ಲಿ ಅರಿಶಿನ ಕುಟ್ಟಲು ಶುರು ಮಾಡಿದರೆ ನನ್ನ ಹಿಮ್ಮಡಿ ಆ ಎರಡನೆಯ ‘ದಿಂ’ಗಾಗಿ ಕಾಯುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಮಕ್ಕಳು, ನೀವು, ಆ ಎರಡು ಸದ್ದನ್ನು ಮೊದಲು ತಿಳಿದುಕೊಳ್ಳಬೇಕು. ಮೊದಲನೆಯದು ಆಘಾತದ ಅಲೆ. ನೀರಿನಲ್ಲಿ ಅದು ಗಾಳಿಯಲ್ಲಿನ ಸದ್ದಿಗಿಂತ ನಾಲ್ಕು ಪಟ್ಟು ವೇಗವಾಗಿ ಓಡಿ ಬಂದು ಹಡಗಿಗೆ ಹೊಡೆಯುತ್ತದೆ. ಎರಡನೆಯದು ಸಿಡಿದ ಅನಿಲದ ಗುಳ್ಳೆ. ಅದು ಉಬ್ಬುತ್ತದೆ, ಅತಿಯಾಗಿ ಉಬ್ಬಿದ್ದಕ್ಕೆ ನಾಚಿಕೊಂಡಂತೆ ಕುಗ್ಗುತ್ತದೆ, ಕುಗ್ಗಿ ಮತ್ತೆ ಒದೆಯುತ್ತದೆ. ಮೊದಲ ಪೆಟ್ಟಿಗೆ ಬದುಕಿದ ಹಡಗು ನಿಟ್ಟುಸಿರು ಬಿಡುವ ಹೊತ್ತಿಗೆ ಸರಿಯಾಗಿ ಎರಡನೆಯದು. ನಮ್ಮ ಆಫೀಸಿನ ಮೆಮೋಗಳೂ ಹೀಗೇ ಬರುತ್ತಿದ್ದವು.

ನನ್ನ ಪ್ರಮೋಷನ್‌ಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅವು ತಡವಾಗಿ ಬಂದವು; ಬಂದಾಗ ನನ್ನ ಕುರ್ಚಿಗೆ ಎರಡು ಕೈ ಬಂದವು. ಅಷ್ಟೇ.

ನಮ್ಮ ಲ್ಯಾಬ್ ಇದ್ದದ್ದು ಕಡಲ ದಡದಲ್ಲಿ. ಕೆಲಸ, ಮೈನ್ ಹುಡುಕುವ ಹಡಗಿನ ಮೈಗೋಡೆ. ಸಮುದ್ರದ ತಳದಲ್ಲಿ ಅಡಗಿಸಿಟ್ಟ ಮೈನ್ ಕಬ್ಬಿಣದ ವಾಸನೆ ಹಿಡಿದು ಸಿಡಿಯುತ್ತದೆ. ಆದ್ದರಿಂದ ಅದನ್ನು ಹುಡುಕಲು ಹೋಗುವ ಹಡಗಿನಲ್ಲಿ ಕಬ್ಬಿಣ ಇರಬಾರದು. ಕಬ್ಬಿಣದ ಬದಲು ಸ್ಯಾಂಡ್‌ವಿಚ್. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಟೀ ಹೊತ್ತಿಗೆ ಕೊಡುತ್ತಿದ್ದ ಸ್ಯಾಂಡ್‌ವಿಚ್‌ನಲ್ಲಿ ಹೊರಗೆ ಮೆತ್ತನೆಯ ಬ್ರೆಡ್, ಒಳಗೆ ಜಾಮ್ ಇದೆ ಎಂಬ ನಂಬಿಕೆ. ನಮ್ಮದು ತಿರುಗುಮುರುಗು. ಹೊರಗೆ ಗಾಜಿನ ನಾರನ್ನು ರೆಸಿನ್‌ನಲ್ಲಿ ಅದ್ದಿ ಗಟ್ಟಿ ಮಾಡಿದ ಎರಡು ತೆಳು ಹಾಳೆ, ನಡುವೆ ದಪ್ಪನೆಯ, ಹಗುರವಾದ ಫೋಮ್ ತಿರುಳು. ಪೆಟ್ಟು ಬಿದ್ದಾಗ ಹಾಳೆಗಳು ಎಳೆತವನ್ನು ತಾಳುತ್ತವೆ. ತಿರುಳು ಅವೆರಡನ್ನೂ ದೂರ ಹಿಡಿದುಕೊಂಡು, ತಾನು ಜಜ್ಜಿಸಿಕೊಂಡು, ಪೆಟ್ಟನ್ನು ನುಂಗುತ್ತದೆ. ಹಗುರವಾದ ಗೋಡೆಗೆ ಇನ್ನೊಂದು ಉಪಾಯವೂ ಗೊತ್ತು. ಅಲೆ ತಾಗಿದ ಕೂಡಲೇ ಅದು ತುಸು ಹಿಂದಕ್ಕೆ ಸರಿಯುತ್ತದೆ, ನೀರಿಗೆ ಅಷ್ಟು ಬೇಗ ಅದನ್ನು ಹಿಂಬಾಲಿಸಲು ಆಗುವುದಿಲ್ಲ. ಸಿಟ್ಟಿನವರ ಎದುರು ಎದೆಯೊಡ್ಡಿ ನಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದರೆ ಅರ್ಧ ಏಟು ತಪ್ಪುತ್ತದಲ್ಲ, ಹಾಗೆ. ಈ ವಿದ್ಯೆ ನನಗೆ ಲ್ಯಾಬಿಗೆ ಸೇರುವ ಮುಂಚೆಯೇ ಬರುತ್ತಿತ್ತು.

ನನ್ನ ಕಾಲದಲ್ಲಿ ಎಲ್ಲವನ್ನೂ ಒಡೆದೇ ನೋಡಬೇಕಿತ್ತು. ಈಗ ನೀವು ಕಂಪ್ಯೂಟರ್‌ನಲ್ಲಿ ಸಿಡಿಸುತ್ತೀರಿ, ಗೋಡೆ ನೀಲಿಯಿಂದ ಹಳದಿ, ಹಳದಿಯಿಂದ ಕೆಂಪಾಗುತ್ತದೆ. ವೆರಿ ಪ್ರೆಟಿ. ಆದರೆ ಆ ಬಣ್ಣದ ಚಿತ್ರ ತಾನಾಗಿ ಸುಳ್ಳು ಹೇಳುವುದಿಲ್ಲ ಎಂದು ಸಮಾಧಾನ ಪಡಬೇಡಿ. ನೀವು ಕೊಟ್ಟ ಸುಳ್ಳನ್ನು ಅದು ಬಣ್ಣದಲ್ಲಿ ಹೇಳುತ್ತದೆ.

ಪರೀಕ್ಷೆಗೆ ಆಳವಾದ, ನಿಂತ, ಯಾರಿಗೂ ಬೇಡವಾದ ನೀರು ಬೇಕಾಗಿತ್ತು. ಕಡಲಲ್ಲಿ ಮೀನುಗಾರರು, ಕೆರೆಯಲ್ಲಿ ದನ. ನಾನು ಮೀಟಿಂಗಿನಲ್ಲಿ ಬಾಯಿ ತಪ್ಪಿ, ಕರ್ನಾಟಕದ ಗಡಿಗೆ ಅಂಟಿದ ತಮಿಳುನಾಡಿನ ನಮ್ಮ ತಾಳವಾಡಿ ಕಡೆ ಕೈಬಿಟ್ಟ ಕರಿಕಲ್ಲಿನ ಕ್ವಾರಿಗಳಿವೆ, ಮಳೆನೀರು ತುಂಬಿಕೊಂಡಿವೆ ಎಂದೆ. ಸರ್ಕಾರಿ ಕೆಲಸದಲ್ಲಿ ಬಾಯಿ ತಪ್ಪಿ ಬಂದ ಮಾತೇ ಆರ್ಡರ್ ಆಗುತ್ತದೆ. ಹೀಗೆ ಹಡಗಿನ ಸಂಶೋಧನೆ ಗುಡ್ಡ ಹತ್ತಿತು. ಕನ್ನಡ, ತಮಿಳು ಎರಡೂ ಬಲ್ಲವಳೆಂದು ನನ್ನನ್ನೂ ಅದರ ಜೊತೆ ಹತ್ತಿಸಿದರು. ಮೈಸೂರಿನ ಕಾನ್ವೆಂಟಿಗೆಂದು ಚಿಕ್ಕವಳಿದ್ದಾಗ ಇಳಿದುಹೋದ ಗುಡ್ಡಕ್ಕೆ ನಾನು ಜೀಪಿನಲ್ಲಿ, ಫೈಲಿನ ಸಮೇತ ವಾಪಸ್ ಬಂದೆ.

ಗೆಟ್ಟವಾಡಿಯ ದಾರಿಯಲ್ಲಿ, ಹೊಲಗಳಾಚೆ ನಮ್ಮ ಕ್ವಾರಿ. ಕೂಲಿಗೆ ಜನ ಬೇಕೆಂದಾಗ ಮೊದಲು ಬಂದವನು ಮಾದಯ್ಯ. ನಮ್ಮೂರಿನವನೇ, ನನ್ನ ವಯಸ್ಸಿನವನೇ. ಅವನಪ್ಪ ನಮ್ಮಪ್ಪನ ಹೊಲದಲ್ಲಿ ದುಡಿದವನು. ಮಾದಯ್ಯ ಹೊಲ ಬಿಟ್ಟು ಕಲ್ಲಿಗೆ ಹೋಗಿದ್ದ. ಆ ಕ್ವಾರಿಯಲ್ಲೇ ಅದು ಮುಚ್ಚುವವರೆಗೆ ಚಾಣ ಹಿಡಿದಿದ್ದ. ಅದರ ತಳ ಎಲ್ಲಿ ಆಳ, ಎಲ್ಲಿ ಮೆಟ್ಟಿಲು ಎಂಬುದು ಅವನಿಗೆ ಮನೆಯ ಒಳಗಿದ್ದಂತೆ ಗೊತ್ತು. ಬಂದ ಮೊದಲ ದಿನವೇ ನೀರಿನ ಕಡೆ ನೋಡಿ, ನನ್ನ ಕಡೆ ನೋಡಿ ಕೇಳಿದ.

“ಸಮುದ್ರ ಇರಾದು ಆ ದಿಕ್ಕಲಿ. ನೀವು ಅಡಗ್ನ ತಂದು ಗುಡ್ಡದ ಮ್ಯಾಲ ಮುಳುಗುಸ್ತೀರಿ. ನಿಮ್ ಸಾಯೇಬ್ರಿಗ ದಾರಿ ತಪ್ತಾ ಅವ್ವ?”

“ಹಡಗಲ್ಲ ಕಣ ಮಾದಯ್ಯ, ಹಡಗಿನ ಒಂದು ತುಂಡು.”

“ಪೂರಾ ಅಡಗ್ಗ ದುಡ್ಡು ಸಾಲ್ನಿಲ್ಲ ಅನ್ನಿ.”

ಸಾಹೇಬರೆಂದರೆ ಪ್ರಾಜೆಕ್ಟ್ ಡೈರೆಕ್ಟರ್. ನಾವೆಲ್ಲ ಪಿ.ಡಿ. ಎನ್ನುತ್ತಿದ್ದೆವು. ಉತ್ತರದ ಬಯಲು ಸೀಮೆಯವರು. ಕನ್ನಡ ಬರದು, ತಮಿಳು ಬರದು, ಆನೆಯೆಂದರೆ ಆಗದು. ಅವರ ಪ್ರತಿ ವಾಕ್ಯ ‘ಇನ್ ಮೈ ಎಕ್ಸ್‌ಪೀರಿಯೆನ್ಸ್’ ಎಂದು ಶುರುವಾಗುತ್ತಿತ್ತು, ಕೊನೆಯಲ್ಲಿ ಅನುಭವ ಬೇರೆಯವರದಾಗಿರುತ್ತಿತ್ತು. ಆನೆಗಳು ಓಡಾಡುವ ಹೊತ್ತು ತಪ್ಪಿಸಬೇಕೆಂದು ಪರೀಕ್ಷೆಗೆ ನಡುಮಧ್ಯಾಹ್ನ ಮಾತ್ರ ಅನುಮತಿ. ಪಿ.ಡಿ. ಅದನ್ನು ತಮ್ಮ ಸೈಂಟಿಫಿಕ್ ಡಿಸಿಷನ್ ಎಂದು ವರದಿಯಲ್ಲಿ ಬರೆಸಿದರು.

ನಮ್ಮ ವಿಧಾನ ಸರಳ. ಒಂದು ಉಕ್ಕಿನ ಪೆಟ್ಟಿಗೆ, ಒಂದು ಕಡೆ ತೆರೆದಿದೆ. ಆ ತೆರೆದ ಬಾಯಿಗೆ ಸ್ಯಾಂಡ್‌ವಿಚ್ ಗೋಡೆಯನ್ನು, ನೀರು ಸೋರದಂತೆ ನಡುವೆ ರಬ್ಬರಿನ ಗ್ಯಾಸ್ಕೆಟ್ ಇಟ್ಟು, ಮುಚ್ಚಳದಂತೆ ಬಿಗಿದು ಬೋಲ್ಟ್ ಹಾಕುವುದು. ಪೆಟ್ಟಿಗೆಯ ಒಳಗೆ ಗಾಳಿ. ಹಡಗಿನ ಒಳಗೆ ಇರುವುದೂ ಗಾಳಿ ತಾನೆ, ಅದಕ್ಕೆ. ಅಕಸ್ಮಾತ್ ನೀರು ಸೋರಿದರೆ ಸುರಿಯಲು ಪಕ್ಕದಲ್ಲಿ ಬಿರಡೆ ಹಾಕಿದ ಒಂದು ತೂತು. ಪೆಟ್ಟಿಗೆಯ ಕೆಳಗೆ ಕಲ್ಲಿನ ಭಾರ ಕಟ್ಟಿ, ತೆಪ್ಪದ ಮೇಲಿಂದ ಸರಪಳಿಯಲ್ಲಿ ಇಳಿಸಿ, ಗೋಡೆಯ ಎದುರು ಅಳತೆಯ ದೂರದಲ್ಲಿ ಸಣ್ಣ ಉಂಡೆಯಷ್ಟು ಮದ್ದು ತೂಗುಬಿಡುವುದು. ಎಲ್ಲರೂ ಬಂಡೆಯ ಹಿಂದೆ. ದಿಂ. ಆಮೇಲೆ ಪೆಟ್ಟಿಗೆ ಮೇಲೆತ್ತಿ ಗೋಡೆಯ ಗತಿ ನೋಡುವುದು. ಸಣ್ಣ ಪೆಟ್ಟಿಗೆಯಲ್ಲಿ ಇದನ್ನು ಎಷ್ಟೋ ಸಲ ಮಾಡಿದೆವು. ಪ್ರತಿ ಸಲ ಎರಡು ‘ದಿಂ’ಗಳ ನಡುವೆ ಒಂದು ಚಿಕ್ಕ ‘ಟಪ್’ ಕೇಳುತ್ತಿತ್ತು. ಗಾಳಿಯ ಮೇಲೆ ಬಿಗಿದ ಗೋಡೆ ತಮಟೆಯ ಚರ್ಮದಂತೆ ನುಡಿಯುವ ಸದ್ದು ಅದು. ಯಾವ ಪುಸ್ತಕದಲ್ಲೂ ಅದು ಇಲ್ಲ. ಬೇಕಾದರೆ ಬರೆದುಕೊಳ್ಳಿ.

ಕೊನೆಗೆ ನಿಜವಾದ ಗೋಡೆ ಬಂತು. ಹಡಗಿಗೆ ಹಾಕುವ ಅದೇ ದಪ್ಪ, ಅದೇ ತಿರುಳು, ಇದಕ್ಕೆಂದೇ ಮಾಡಿಸಿದ ದೊಡ್ಡ ಹೊಸ ಪೆಟ್ಟಿಗೆ. ನೌಕಾಪಡೆಯ ಪರವಾಗಿ ಒಬ್ಬ ಎಳೆಯ ಲೆಫ್ಟಿನೆಂಟ್ ಬಂದಿದ್ದ. ತಯಾರಾಗುತ್ತಿದ್ದ ಹಡಗಿಗೆ ಅವನ ಪೋಸ್ಟಿಂಗ್ ಆಗಲೇ ಆಗಿತ್ತು. ನಾವು ಬೋಲ್ಟ್ ಬಿಗಿಯುತ್ತಿದ್ದಾಗ ಆ ಗೋಡೆಯ ಮೇಲೆ ಅಂಗೈ ಊರಿ ನಿಂತು ಹೇಳಿದ. “ಮೇಡಂ, ಡ್ರಾಯಿಂಗ್ ನೋಡಿದ್ದೇನೆ. ನನ್ನ ಮಂಚ ಇದೇ ಗೋಡೆಗೆ ಅಂಟಿಕೊಂಡಿದೆ. ತಲೆ ಈ ಕಡೆ ಬರುತ್ತದೆ.” ತಮಾಷೆಗೆ ಹೇಳಿದನೋ ಏನೋ. ನಾನು ನಗಲಿಲ್ಲ.

ಅವತ್ತು ದೆಹಲಿಯಿಂದ ದೊಡ್ಡವರು ಮೂವರು ಬಂದಿದ್ದರು. ಬಂಡೆಯ ಮೇಲೆ ಶಾಮಿಯಾನ, ಕುರ್ಚಿ, ಎಳನೀರು. ನಾನು ಅವರಿಗೆ ಗೇಜ್‌ಗಳ ವೈರಿಂಗ್ ವಿವರಿಸುತ್ತಿದ್ದೆ. ಗೋಡೆ ಎಷ್ಟು ಬಾಗಿತು ಎಂದು ಅಳೆಯಲು ಒಳಮೈಗೆ ಅಂಟಿಸಿದ ಗೇಜ್‌ಗಳಿಗೆ ಒಂದಿಷ್ಟು ನೀರು ಸೋರಿದರೂ ಕೆಡದಂತೆ ಮೇಣ ಬಳಿದಿದ್ದೇವೆ ಎಂದು ಹೆಮ್ಮೆಯಿಂದ ಹೇಳಿದ್ದೂ ನೆನಪಿದೆ. ಅಷ್ಟರಲ್ಲಿ ತೆಪ್ಪದ ಮೇಲಿಂದ ಮಾದಯ್ಯ ಕೂಗಿದ.

“ಅವ್ವಾ, ಇದು ಮುಳುಗಕಿಲ್ಲ ಅಂತದ.”

ಅಂಚಿಗೆ ಬಂದು ನೋಡಿದೆ. ಪೆಟ್ಟಿಗೆ ಎಮ್ಮೆ ಕೆರೆಯಲ್ಲಿ ಕೂತಂತೆ ಬೆನ್ನು ಮೇಲಿಟ್ಟುಕೊಂಡು ಆರಾಮಾಗಿ ತೇಲುತ್ತಿತ್ತು. ಯಾಕೆ ತೇಲುತ್ತಿದೆ ಎಂದು ಒಂದು ನಿಮಿಷ ಯೋಚಿಸಿದ್ದರೆ ನನಗೆ ಹೊಳೆಯುತ್ತಿತ್ತು. ಪೆಟ್ಟಿಗೆ ದೊಡ್ಡದಾಗಿತ್ತು, ಕಲ್ಲಿನ ಭಾರದ ಲೆಕ್ಕವನ್ನು ನಾನು ಹಳೆಯ ಫೈಲಿನಿಂದ, ಸಣ್ಣ ಪೆಟ್ಟಿಗೆಯದ್ದನ್ನೇ, ಹಾಗೇ ಎತ್ತಿ ಬರೆದಿದ್ದೆ. ಆರ್ಕಿಮಿಡೀಸನ ತತ್ವವನ್ನು ಫಿಸಿಕ್ಸ್ ಸಿಸ್ಟರ್ ಕೈಯಲ್ಲಿ ಬೆರಳಗಂಟಿಗೆ ಫುಟ್‌ರೂಲರ್ ಏಟು ತಿಂದು ಕಲಿತವಳು ನಾನು. ಆದರೆ ಯೋಚಿಸಲು ನಿಮಿಷ ಇರಲಿಲ್ಲ. ಪಿ.ಡಿ. ಗಡಿಯಾರ ನೋಡುತ್ತಿದ್ದರು, ದೆಹಲಿಯವರು ಪಿ.ಡಿ.ಯನ್ನು ನೋಡುತ್ತಿದ್ದರು.

“ಎಂಗಾದ್ರೂ ಮುಳುಗ್ಸು ಮಾದಯ್ಯ, ಮಾನ ಕಳೀಬ್ಯಾಡ” ಎಂದೆ.

“ಎಂಗಾದ್ರೂನಾ?”

“ಎಂಗಾದ್ರೂ.”

ನಾನು ಶಾಮಿಯಾನಕ್ಕೆ ಮರಳಿ ಎರಡು ಮಾತು ಆಡುವುದರೊಳಗೆ ಪೆಟ್ಟಿಗೆ ಗಂಭೀರವಾಗಿ, ಸಂನ್ಯಾಸ ತಗೊಂಡವರ ಹಾಗೆ, ನೀರಿನೊಳಗೆ ಇಳಿಯಿತು. ಎಲ್ಲರೂ ಬಂಡೆಯ ಹಿಂದೆ ಹೋದೆವು. ದಿಂ. ಕ್ಷಣ ಬಿಟ್ಟು ದಿಂ. ನೀರು ಎದ್ದಿತು, ಬಿತ್ತು. ನಡುವೆ ಆ ‘ಟಪ್’ ಬರಲಿಲ್ಲ. ನಾನು ಗಮನಿಸಿದೆ. ಲಡ್ಡು ಹಂಚುತ್ತಿದ್ದರು. ತಿಂದೆ.

ಮೇಲೆತ್ತಿದ ಗೋಡೆಯ ಮೇಲೆ ಒಂದು ಗೀರೂ ಇಲ್ಲ. ಗೇಜ್‌ಗಳ ಗೆರೆಗಳು ಬೆಳಗಿನ ಕೆರೆಯಂತೆ ಶಾಂತ. ಪಿ.ಡಿ. ಇನ್ ಮೈ ಎಕ್ಸ್‌ಪೀರಿಯೆನ್ಸ್ ಇಂಥ ಪ್ಯಾನೆಲ್ ಪ್ರಪಂಚದಲ್ಲೇ ಇಲ್ಲ ಎಂದರು. ದೆಹಲಿಯವರು ಕೈ ಕುಲುಕಿದರು, ಇದೇ ವಿನ್ಯಾಸ ಹಡಗಿಗೆ ಹೋಗಲಿ ಎಂದು ಅಲ್ಲೇ ತೀರ್ಮಾನವಾಯಿತು. ಎಲ್ಲರೂ ಆನೆ ಬರುವುದರೊಳಗೆ ಗುಡ್ಡ ಇಳಿದರು. ದೆಹಲಿಯವರು ವಿಮಾನ ಹಿಡಿದರು, ಪಿ.ಡಿ. ಮತ್ತು ಲೆಫ್ಟಿನೆಂಟ್ ಕೆಳಗಿನ ಊರಿನ ಗೆಸ್ಟ್ ಹೌಸಿನಲ್ಲಿ ಉಳಿದರು.

ಮರುದಿನ ಬೆಳಿಗ್ಗೆ ಗೋಡೆಯನ್ನು ಬಿಚ್ಚಿದಾಗ ಪೆಟ್ಟಿಗೆಯ ತಳದಲ್ಲಿ ಒಂದು ಚೊಂಬಿನಷ್ಟು ನೀರು. ಅದರಲ್ಲಿ ಬೆರಳುದ್ದದ ಒಂದು ಮೀನು, ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ಸತ್ತಿತ್ತು. ನಾನು ಅದನ್ನು ಟಿಫಿನ್ ಡಬ್ಬಿಯ ಮುಚ್ಚಳಕ್ಕೆ ಹಾಕಿಕೊಂಡು, ಹಗ್ಗ ಸುತ್ತುತ್ತಿದ್ದ ಮಾದಯ್ಯನ ಹತ್ತಿರ ಹೋದೆ.

“ಇದು ಪೆಟ್ಟಿಗೆ ಒಳಗೆ ಎಂಗ್ ಬಂತು?”

“ನೀರ್ ಜೊತ ಬಂದಿರ್ತದ.”

“ನೀರು ಎಂಗ್ ಬಂತು?”

“ಬಿರಡೆ ಬಿಚ್ಚಿ ತುಂಬಿದ್ನಲ್ಲ.” ನನ್ನ ಮುಖ ನೋಡಿ ಅವನಿಗೆ ನಗು ಬಂತು. “ಖಾಲಿ ಕೊಡ ಬಾವೀಲಿ ಮುಳುಗ್ತದಾ ಅವ್ವ? ಬಾಯಿ ಬಗ್ಸಿ ನೀರ್ ಕುಡ್ಸುದ್ರ ತಾನೆ ಒಳಿಕ್ ಓಗಾದು. ಅಷ್ಟು ವರ್ಸ ಓದಿದ್ದೀರಿ, ಇದ್ನೂ ನಾ ಏಳ್ಕೊಡ್ಬೇಕಾ?”

“ಪೂರ್ತಿ ತುಂಬಿದ್ಯಾ?”

“ಕಂಠ ಮಟ. ಮ್ಯಾಕ್ ಎತ್ವಾಗ ಭಾರ ಆಯ್ತದ ಅಂತ ನೀರ್ ಮಟ್ಟದಲ್ಲೇ ಬಿರಡೆ ಬಿಚ್ಚಿ ಸುರ್ದೂಬುಟ್ಟೆ. ಒಂದ್ ತೊಟ್ಟು ಆಚಿಕ್ ಚೆಲ್ಲಿಲ್ಲ.”

ಬಾವಿಯಿಂದ ನೀರು ಸೇದಿದ ಯಾರೂ ಅವನನ್ನು ತಪ್ಪು ಎನ್ನಲಾರರು. ಆದರೆ ಆಘಾತದ ಅಲೆಗೆ ಬಾವಿಯ ನ್ಯಾಯ ಗೊತ್ತಿಲ್ಲ. ಗೋಡೆಯ ಹಿಂದೆ ಗಾಳಿ ಇದ್ದರೆ ಅಲೆಯ ಪೆಟ್ಟೆಲ್ಲ ಗೋಡೆಯ ಮೇಲೇ. ಹಿಂದೆ ಆತುಕೊಳ್ಳುವವರು ಯಾರೂ ಇಲ್ಲ. ಹಿಂದೆಯೂ ನೀರಿದ್ದರೆ ಅಲೆಗೆ ಅಲ್ಲಿ ಗೋಡೆ ಇದೆ ಎಂಬುದೇ ಹೆಚ್ಚುಕಡಿಮೆ ತಿಳಿಯುವುದಿಲ್ಲ. ಮುಂದೆ ನೀರು, ಹಿಂದೆ ನೀರು, ನಡುವೆ ತೆಳ್ಳಗೆ ಏನೋ ಒಂದು. ಸುಮ್ಮನೆ ಹಾದು ಹೋಗುತ್ತದೆ. ಪ್ರಪಂಚದಲ್ಲೇ ಇಲ್ಲದ ನಮ್ಮ ಪ್ಯಾನೆಲ್ ಪರೀಕ್ಷೆಗೆ ಕೂತೇ ಇರಲಿಲ್ಲ. ಹಾಜರಿ ಹಾಕಿ ಫಸ್ಟ್ ಕ್ಲಾಸ್ ತಗೊಂಡಿತ್ತು. ಅದನ್ನು ನಂಬಿ ಒಬ್ಬ ಹುಡುಗ ಅದಕ್ಕೆ ತಲೆ ಕೊಟ್ಟು ಮಲಗುವವನಿದ್ದ.

ನಾನು ಮೀನಿನ ಸಮೇತ ಪಿ.ಡಿ. ಎದುರು ನಿಂತೆ. ಅವರು ಮುಚ್ಚಳದೊಳಗೆ ಇಣುಕಿ ನೋಡಿ, “ಗ್ಯಾಸ್ಕೆಟ್ ಲೀಕ್” ಎಂದರು.

“ಗ್ಯಾಸ್ಕೆಟ್ ಸಂದಿಯಲ್ಲಿ ಮೀನು ನುಸುಳುವುದಿಲ್ಲ ಸರ್.”

“ಇಟ್ ಈಸ್ ಎ ಸ್ಮಾಲ್ ಫಿಶ್.”

ಇನ್ನೊಂದು ಪ್ಯಾನೆಲ್ ಇದೆ, ಮತ್ತೆ ಪರೀಕ್ಷೆ ಮಾಡೋಣ ಎಂದೆ. ದೆಹಲಿಗೆ ಏನು ಹೇಳುವುದು ಎಂದರು. ಪಕ್ಕದಲ್ಲಿ ಕೂತಿದ್ದ ಲೆಫ್ಟಿನೆಂಟ್ ಆಗ ಬಾಯಿ ಬಿಟ್ಟ. “ಸರ್, ನನ್ನ ಕ್ಯಾಬಿನ್‌ನಲ್ಲಿ ಮೀನು ಸಾಕುವ ಪ್ಲಾನ್ ನನಗಿಲ್ಲ. ಅಲ್ಲಿ ಗಾಳಿಯೇ ಇರುತ್ತದೆ.” ಪಿ.ಡಿ. ಮೀನಿನ ಮುಚ್ಚಳವನ್ನು ಆಚೆ ಸರಿಸಿ, ಒಂದು ವಿಚಾರಣೆ ಆಗಲಿ, ನೀರು ತುಂಬಿದ್ದು ನಿಜವೆಂದು ಸಾಬೀತಾದರೆ ಮರುಪರೀಕ್ಷೆ ಎಂದರು. ಸಾಬೀತು ಮಾಡಬೇಕಾದವನು ಮಾದಯ್ಯ. ಅವನ ಮಾತನ್ನು ಇಂಗ್ಲಿಷಿಗೆ ತರಬೇಕಾದವಳು ನಾನು. ಬೇರೆ ಯಾರಿಗೂ ಎರಡೂ ಬರುತ್ತಿರಲಿಲ್ಲ.

ವಿಚಾರಣೆಯ ಹಿಂದಿನ ದಿನ ಅವನಿಗೆ ಎಲ್ಲವನ್ನೂ ತಿಳಿಸಿ ಹೇಳಿದೆ. ತೆಪ್ಪದ ಅಂಚಿನಲ್ಲಿ ಕೂತು ಕೇಳಿಸಿಕೊಂಡ.

“ಅಂಗಂದ್ರ ಆ ಹುಡುಗ್ನ ತಲ ಒಡದೋಯ್ತಿತ್ತಾ?”

“ಹೋಗಬೋದಿತ್ತು.”

“ನಿಜ ಏಳುದ್ರ ಕೆಲ್ಸ ಓಯ್ತದಾ ಅವ್ವ? ಸೊಸೆ ಬಸುರಿ. ಈಗ್ಲೇ ಓದ್ರ ಕಷ್ಟ.”

“ಏನೂ ಆಗಲ್ಲ ಮಾದಯ್ಯ, ನಾನಿದ್ದೀನಿ.”

“ನೀವಿದ್ದೀರಲ್ಲ, ಬುಡಿ” ಎಂದ.

ವಿಚಾರಣೆಗೆ ಮೂವರು ಕೂತಿದ್ದರು: ಪಿ.ಡಿ., ಆಡಳಿತದ ಅಧಿಕಾರಿಯೊಬ್ಬರು, ಲೆಫ್ಟಿನೆಂಟ್. ಟಾರ್ಪಾಲಿನ ಕೆಳಗೆ ಮೇಜು. ಮಾದಯ್ಯ ಒಗೆದ ಶರಟು ಹಾಕಿಕೊಂಡು ಬಂದಿದ್ದ. ಕುರ್ಚಿ ತೋರಿಸಿದರೂ ಕೂರಲಿಲ್ಲ. ನಾನು ಅವನ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಪಿ.ಡಿ. ಇಂಗ್ಲಿಷಿನಲ್ಲಿ ಕೇಳುವುದು, ನಾನು ಕನ್ನಡದಲ್ಲಿ ಕೇಳುವುದು, ಅವನು ಹೇಳುವುದು, ನಾನು ಇಂಗ್ಲಿಷಿಗೆ ತಿರುಗಿಸುವುದು. ಬಿರಡೆ ಬಿಚ್ಚಿದ್ದು, ಕಂಠ ಮಟ್ಟ ತುಂಬಿದ್ದು, ಮೇಲೆತ್ತುವಾಗ ಸುರಿದದ್ದು, ಎಲ್ಲವನ್ನೂ ಒಪ್ಪಾಗಿ ಹೇಳಿದ. ಖಾಲಿ ಕೊಡದ ಮಾತನ್ನು ಕೂಡ. ಅದಕ್ಕೆ ಲೆಫ್ಟಿನೆಂಟ್ ನಕ್ಕ.

ಆಮೇಲೆ ಪಿ.ಡಿ. ಕೇಳಿದರು, ಹಾಗೆ ಮಾಡಲು ಇವನಿಗೆ ಯಾರು ಹೇಳಿದರು?

ನಾನು ಕನ್ನಡದಲ್ಲಿ ಕೇಳಿದೆ. “ಅಂಗೆ ಮಾಡು ಅಂತ ನಿಂಗೆ ಯಾರು ಹೇಳಿದ್ರು ಮಾದಯ್ಯ?” ಈ ಪ್ರಶ್ನೆಯನ್ನು ಅವನಿಗೆ ಕೇಳುವಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ, ಇವತ್ತಿಗೂ ತಿಳಿಯದು.

ಅವನು ನನ್ನನ್ನೇ ನೋಡಿದ. ಸಿಟ್ಟೇನೂ ಇರಲಿಲ್ಲ. ಹೊರೆ ಎತ್ತುವ ಮುಂಚೆ ಅದರ ಗಾತ್ರ ನೋಡುವಂತೆ ನೋಡಿದ.

“ಯಾರೂ ಏಳ್ನಿಲ್ಲ. ನಂದೇ ಬುದ್ದಿ.”

ಮೂವರೂ ನನ್ನ ಕಡೆ ತಿರುಗಿದರು. ನಾನು ಹೇಳಿದೆ, “ನೋಬಡಿ ಟೋಲ್ಡ್ ಹಿಮ್, ಸರ್. ಇಟ್ ವಾಸ್ ಹಿಸ್ ಓನ್ ಐಡಿಯಾ.” ಕಾನ್ವೆಂಟಿನ ಉಚ್ಚಾರಣೆ. ಒಂದು ಅಕ್ಷರ ತಪ್ಪಿಲ್ಲ. ಸಿಸ್ಟರ್ ಕೇಳಿದ್ದರೆ ಪ್ರೈಜ್ ಕೊಡುತ್ತಿದ್ದರು.

ಲೆಫ್ಟಿನೆಂಟ್ ಮಾತ್ರ ಪೆನ್ಸಿಲ್ ತಿರುಗಿಸುತ್ತಾ, “ಅದಿರಲಿ, ಪೆಟ್ಟಿಗೆ ಮೊದಲು ಮುಳುಗದೇ ಇದ್ದದ್ದು ಯಾಕೆ?” ಎಂದ. ಆ ಟಾರ್ಪಾಲಿನ ಕೆಳಗೆ ಯಾರಾದರೂ ಕೇಳಿದ ಒಂದೇ ಒಂದು ಬುದ್ಧಿವಂತ ಪ್ರಶ್ನೆ ಅದು. ಉತ್ತರ ಗೊತ್ತಿದ್ದವಳು ನಾನೊಬ್ಬಳೇ. ನಾನು ಬಾಯಿ ತೆರೆಯುವ ಮುಂಚೆ ಪಿ.ಡಿ., “ಅನ್‌ಸ್ಕಿಲ್ಡ್ ಲೇಬರ್” ಎಂದು ಬರೆದುಕೊಂಡರು. ಮುಂಚೆ ಎಂದೆನೇ? ಬಾಯಿ ತೆರೆಯಲು ನನಗೆ ಬೇಕಾದಷ್ಟು ಸಮಯ ಇತ್ತು. ಚಹಾ ಬಂತು, ಕುಡಿದೆವು, ಬಿಸ್ಕತ್ತೂ ತಿಂದೆವು.

ಮರುಪರೀಕ್ಷೆ ನಡೆಯಿತು. ಭಾರದ ಲೆಕ್ಕವನ್ನು ನಾನು ಸದ್ದಿಲ್ಲದೆ ಸರಿ ಮಾಡಿದ್ದೆ. ಪೆಟ್ಟಿಗೆ ಗಾಳಿ ತುಂಬಿಕೊಂಡೇ ಮುಳುಗಿತು. ಅದೇ ಮದ್ದು, ಅದೇ ದೂರ. ದಿಂ, ಟಪ್, ದಿಂ. ಮೇಲೆತ್ತಿದಾಗ ಗೋಡೆಯ ಹೊರಮೈ ಮೊದಲಿನಷ್ಟೇ ಚೆಂದ. ಸ್ಯಾಂಡ್‌ವಿಚ್ ಗೋಡೆಯ ದುರ್ಗುಣವೇ ಅದು: ನಿನ್ನೆ ಜಗಳವಾಡಿದ ಮನೆಯವರು ನೆಂಟರ ಎದುರು ನಗುವಂತೆ ನಗುತ್ತದೆ. ಗರಗಸ ಹಾಕಿ ಕೊಯ್ದು ನೋಡಿದರೆ ಒಳಗೆ ತಿರುಳು ಓರೆಯಾಗಿ ಸೀಳಿತ್ತು, ಹಾಳೆ ತಿರುಳಿನಿಂದ ಬಿಟ್ಟುಕೊಂಡಿತ್ತು. ಬೋಲ್ಟ್ ಬಿಗಿದ ಅಂಚಿನಗುಂಟ ಒಳಹಾಳೆ ಹರಿದು ಹೋಗಿತ್ತು. ಲೆಫ್ಟಿನೆಂಟ್ ಆ ಹರಕಿನೊಳಗೆ ಬೆರಳು ತೂರಿಸಿ ನೋಡಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ದೂರ ಹೋಗಿ ನಿಂತ. ವಿನ್ಯಾಸ ಬದಲಾಯಿತು. ಅಂಚಿನಲ್ಲಿ ಗಟ್ಟಿ ತಿರುಳು ಹಾಕಿದರು, ಬಿಗಿತ ಒಮ್ಮೆಗೇ ನಿಲ್ಲದಂತೆ ಅಂಚನ್ನು ಇಳಿಜಾರು ಮಾಡಿದರು, ಹಾಳೆ ಮತ್ತು ತಿರುಳನ್ನು ಅಂಟಿಸುವ ರೀತಿಯನ್ನೇ ಬದಲಿಸಿದರು. ಆಮೇಲಿನ ಪ್ಯಾನೆಲ್ ನಿಜವಾಗಿ ತಾಳಿತು. ಹಡಗು ನೀರಿಗಿಳಿಯಿತು. ಇವತ್ತಿಗೂ ಓಡಾಡುತ್ತಿದೆ ಎಂದು ಕೇಳಿದ್ದೇನೆ. ಪಿ.ಡಿ.ಗೆ ಸನ್ಮಾನವಾಯಿತು. ಇನ್ ಮೈ ಎಕ್ಸ್‌ಪೀರಿಯೆನ್ಸ್ ಒಂದು ವೈಫಲ್ಯವನ್ನು ಸಕಾಲದಲ್ಲಿ ಪತ್ತೆ ಹಚ್ಚುವುದೇ ವಿಜ್ಞಾನ ಎಂದು ಭಾಷಣ ಮಾಡಿದರು.

ವಿಚಾರಣೆಯ ವರದಿಯ ಕರಡು ಬರೆದವಳು ನಾನೇ. ‘ತರಬೇತಿಯಿಲ್ಲದ ಕೂಲಿಯಾಳಿನ ಅಚಾತುರ್ಯದಿಂದ ಪೆಟ್ಟಿಗೆಯೊಳಗೆ ನೀರು ಸೇರಿದ್ದು’ ಎಂಬ ವಾಕ್ಯ ನನ್ನದು. ಬರೆಯುವಾಗ ‘ಅಚಾತುರ್ಯ’ಕ್ಕೆ ಇಂಗ್ಲಿಷಿನಲ್ಲಿ ಒಳ್ಳೆಯ ಪದ ಹುಡುಕಲು ಡಿಕ್ಷನರಿ ತೆಗೆದಿದ್ದೆ. ಮುಂದಿನ ವಾರದ ಕೂಲಿ ಪಟ್ಟಿಯಲ್ಲಿ ಮಾದಯ್ಯನ ಹೆಸರಿರಲಿಲ್ಲ. ಪಿ.ಡಿ. ಹತ್ತಿರ ಮಾತಾಡಬೇಕೆಂದು ನಿಶ್ಚಯಿಸಿದೆ. ಮೊದಲು ಮರುಪರೀಕ್ಷೆ ಮುಗಿಯಲಿ ಎಂದುಕೊಂಡೆ. ಆಮೇಲೆ ಅವರು ರಜೆಯಲ್ಲಿದ್ದರು. ಆಮೇಲೆ ಕ್ವಾರಿಯ ಕೆಲಸವೇ ಮುಗಿದು ನಾವು ಜೀಪು ತುಂಬಿಕೊಂಡು ಕಡಲಿಗೆ ಇಳಿದೆವು. ಮುಂದಕ್ಕೆ ಹಾಕಿದ ಮಾತು ಹಳಸುವುದಿಲ್ಲ ಎಂದು ನಂಬಿದವರಲ್ಲಿ ನಾನೂ ಒಬ್ಬಳು.

ನಿಮಗೆ ಉಪದೇಶ ಬೇಕಿದ್ದರೆ ಒಂದಿದೆ. ಹಳೆಯ ಫೈಲಿನಿಂದ ಲೆಕ್ಕ ಎತ್ತಬೇಡಿ. ಇದನ್ನು ನಾನು ಲ್ಯಾಬಿನಲ್ಲಿ ಹೊಸಬರಿಗೆಲ್ಲ ಹೇಳುತ್ತಿದ್ದೆ. ಯಾಕೆ ಎಂಬುದನ್ನು ಇಲ್ಲಿಯವರೆಗೆ ಲ್ಯಾಬಿನ ಯಾರಿಗೂ ಹೇಳಿರಲಿಲ್ಲ.

ನಿವೃತ್ತಿಯಾಗಿ ಊರಿಗೆ ಬಂದ ಮೇಲೂ ಅವನ ಬೀದಿಯ ಕಡೆ ಹೋಗಲು ನನಗೆ ಬೇಕಾದಷ್ಟು ದಿನ ಹಿಡಿಯಿತು; ಹೋಗಲೇ ಇಲ್ಲ ಎನ್ನುವುದು ಸರಿ. ಮಾದಯ್ಯ ದಿನಾ ಗಡಿಯಾಚೆ ಕಲ್ಲಿನ ಕೆಲಸಕ್ಕೆ ಹೋಗಿ ಬರುತ್ತಾನೆ ಎಂದು ಮಾತ್ರ ತಿಳಿದಿತ್ತು. ಅವನನ್ನು ಕೊನೆಯ ಸಲ ನೋಡಿದ್ದು ಬಸ್ಸಿನಲ್ಲಿ. ಕಣ್ಣು ತೋರಿಸಲೆಂದು ತಾಳವಾಡಿಯಲ್ಲಿ ಚಾಮರಾಜನಗರದ ಬಸ್ಸು ಹತ್ತಿದೆ. ಸೀಟಿರಲಿಲ್ಲ. ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಮುದುಕ ನನ್ನನ್ನು ನೋಡಿದ ಕೂಡಲೇ ಎದ್ದು ನಿಂತ.

“ಕುಂತ್ಕಳಿ ಅವ್ವ.”

“ಬೇಡ ಮಾದಯ್ಯ, ನೀನೇ ಕೂತ್ಕೊ. ನಿಂಗೂ ವಯಸ್ಸಾಯ್ತು.”

“ನಂಗಾದ್ರ ನಿಮ್ಗ ಆಗ್ನಿಲ್ವಾ? ಇಬ್ರೂ ಒಂದೇ ಮಳ ಕಂಡೋರು. ಕುಂತ್ಕಳಿ.”

ನಾನು ಕೂತೆ. ಅವನು ಕಂಬಿ ಹಿಡಿದು ನಿಂತ. ಹೆಗಲಿನ ಚೀಲದಲ್ಲಿ ಚಾಣಗಳು ಬಸ್ಸಿನ ಕುಲುಕಿಗೆ ಒಂದಕ್ಕೊಂದು ತಾಗುತ್ತಿದ್ದವು. ಸೊಸೆ, ಮೊಮ್ಮಗಳು, ಮೊಣಕಾಲು, ಎಲ್ಲ ಕೇಳಿದ್ದಾಯಿತು. ಕೇಳಲು ಬೇರೇನೂ ಉಳಿಯದಿದ್ದಾಗ ಹೇಳಿದೆ.

“ಮಾದಯ್ಯ, ಅವತ್ತು ಎಂಗಾದ್ರೂ ಮುಳುಗ್ಸು ಅಂದೋಳು ನಾನು. ಭಾರದ ಲೆಕ್ಕ ತಪ್ಪಿದ್ದೂ ನಾನೇ. ಅವರ ಮುಂದೆ ಅದನ್ನ ಹೇಳಬೇಕಾಗಿತ್ತು.”

ಅವನು ನನ್ನನ್ನು ನೋಡಿದ.

“ಏಳ್ನಿಲ್ವಾ?”

“ಇಲ್ಲ.”

“ನಿಮ್ಮ ಎದ್ರುಗ ನಿಮ್ಮ ಎಸ್ರು ಎಂಗ್ ಏಳಾದು ಅಂತ ನಾ ಅಂಗಂದೆ. ನೀವು ಇಂಗ್ಲಿಸ್ನಲ್ಲಿ ಸರಿ ಮಾಡ್ಕಂಡು ಏಳಿರ್ತೀರಿ ಅನ್ಕಂಡಿದ್ದೆ.” ಕಿಟಕಿಯಾಚೆ ನೋಡುತ್ತಾ ನಿಧಾನವಾಗಿ ಸೇರಿಸಿದ. “ನೀವು ಏಳುದ್ರೂ ಅವ್ರು ಕೇಳ್ನಿಲ್ಲ, ಪಾಪ, ಅಂತ್ಲೇ ಮನೇಲೂ ಏಳಿದ್ದೆ.”

ಕಂಡಕ್ಟರ್ ಟಿಕೆಟ್ ಕೇಳಿಕೊಂಡು ಬಂದ, ಹೋದ. ಗೆಟ್ಟವಾಡಿ ದಾಟಿತು. ನಾನು ಏಳಲು ನೋಡಿದೆ, ಅವನು ಅಂಗೈ ಅಡ್ಡ ಹಿಡಿದು ಬೇಡವೆಂದ. ಗಡಿಯಾಚೆ ಕಲ್ಲು ಒಡೆಯುವ ಜಾಗ ಬಂದಾಗ ಚೀಲ ಸರಿಮಾಡಿಕೊಂಡು, “ಬರ್ತೀನಿ ಅವ್ವ” ಎಂದು ಎಂದಿನಂತೆ ಹೇಳಿ ಇಳಿದ. ಧೂಳಿನಲ್ಲಿ ಅವನ ಬೆನ್ನು ಸ್ವಲ್ಪ ದೂರ ಕಂಡಿತು. ಅವನ ಮೈಯ ಬಿಸಿ ಆರದ ಸೀಟಿನಲ್ಲಿ ನಾನು ಚಾಮರಾಜನಗರದವರೆಗೂ ಕೂತುಕೊಂಡೇ ಹೋದೆ.